ಚುಕ್ಕಿಯಕ್ಷರಕ್ಕೆ ಕನ್ನಡದ ಅಳತೆ

ಕೆಲವು ತಿಂಗಳುಗಳ ಹಿಂದೆ ಒಂದು ಸಂಜೆ ಶಿವಾಜಿನಗರದ ಬಸ್ಸು ನಿಲ್ದಾಣದಲ್ಲಿಳಿದು ಕಮರ್ಷಿಯಲ್ ಸ್ಟ್ರೀಟಿನ ಕಡೆಗೆ ನಡೆದು ಹೋಗುತ್ತಿದ್ದೆ. ಹಾದಿಯಲ್ಲಿ ಒಂದು ಕನ್ನಡಕದ ಅಂಗಡಿ. ಅದರ ಬಾಗಿಲಿನ ಮೇಲೆ ಕೆಂಪು ದೀಪದ ಚುಕ್ಕಿಗಳಿಂದಾದ ಅಕ್ಷರಗಳು ಬಲದಿಂದ ಎಡಕ್ಕೆ ಸಾಲಾಗಿ ಹರಿದು ಹೋಗುತ್ತಿದ್ದುವು. ನಿಂತು ಓದಿದೆ: ‘ಕನಡಕಗಳು ದೊರೆಯುತವೆ. ಕಣಿನ ಪರೀಕೆ ಉಚಿತ.’ ಮೊದಲು ನನ್ನ ಕಣ್ಣಿನ ಮೇಲೆಯೇ ಸಂದೇಹ ಬಂದಿತು. ಅಂಗಡಿಯವರ ಉದ್ದೇಶವೂ ಅದೇ ಇದ್ದಿರಬಹುದೇ ಎಂದುಕೊಂಡೆ. ಎರಡನೆಯ ಬಾರಿ ಅದೇ ಸಾಲು ಹರಿದು ಬಂದಾಗ ವಿಷಯ ಸ್ಪಷ್ಟವಾಯಿತು. ಬರೆದವನಿಗೆ ಕಾಗುಣಿತ ಬಾರದೆ ಆದ ತಪ್ಪಲ್ಲ ಅದು. ಅಕ್ಷರಗಳ ಕೆಳಗಿನ ಒತ್ತುಗಳೆಲ್ಲವೂ ಫಲಕದ ಅಂಚಿನಿಂದ ಕೆಳಕ್ಕೆ ಬಿದ್ದು ಹೋಗಿದ್ದುವು.

ಇದು ನಕ್ಕು ಮರೆಯತಕ್ಕ ಸಂಗತಿಯೆಂದು ವಾಚಕರಲ್ಲಿ ಹಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಚುಕ್ಕಿಗಳಿಂದ ಅಕ್ಷರ ಬರೆಯುವ ಕಲೆ ಹಳೆಯ ಕಂಪ್ಯೂಟರುಗಳ ಕಾಲದಲ್ಲಿ ಹುಟ್ಟಿ, ಅವುಗಳೊಡನೆ ಸಾಯದೆ, ಈಗ ಎರಡು ರೂಪದಲ್ಲಿ ನಮ್ಮ ಬೀದಿಗಳಿಗೆ ಮರಳಿ ಬಂದಿದೆ. ಒಂದು ರೂಪ ಈ ದೀಪದ ಫಲಕಗಳದು. ಇನ್ನೊಂದು ಶೋಕಿಯದು. ಇಂದಿರಾನಗರದ 100 ಅಡಿ ರಸ್ತೆಯಲ್ಲಿಯೂ 12ನೆಯ ಮೈನಿನಲ್ಲಿಯೂ ಉಪಾಹಾರಗೃಹಗಳ ಹೆಸರುಗಳನ್ನು, ಅಂಗಿಗಳ ಮೇಲಣ ಬರಹವನ್ನು, ಕಾಲೇಜು ಉತ್ಸವಗಳ ಭಿತ್ತಿಪತ್ರಗಳನ್ನು ನೋಡಿರಿ. ಮೂವತ್ತು ನಲವತ್ತು ವರ್ಷಗಳ ಹಿಂದಿನ ವೀಡಿಯೊ ಆಟಗಳಲ್ಲಿ ಇದ್ದಂತೆ ಮೆಟ್ಟಿಲು ಮೆಟ್ಟಿಲಾದ ಅಂಚುಗಳುಳ್ಳ ರೋಮನ್ ಅಕ್ಷರಗಳು ಕಾಣಬರುತ್ತವೆ. ಅವುಗಳ ಜೊತೆಯಲ್ಲಿ ಕನ್ನಡವೂ ಇರುತ್ತದೆ. ಆದರೆ ಅದು ಯಾವುದೋ ಸಾಧಾರಣ ಅಚ್ಚಿನ ದುಂಡಕ್ಷರವಾಗಿ, ಮದುವೆಮನೆಗೆ ಕರೆಯದೆ ಬಂದ ನೆಂಟನಂತೆ ಒಂದು ಬದಿಗೆ ನಿಂತಿರುತ್ತದೆ. ಎರಡು ಕಡೆಯೂ ಕೊರತೆ ಒಂದೇ: ಚುಕ್ಕಿಯ ಚೌಕಳಿಯನ್ನು ಕನ್ನಡದ ಮೈಕಟ್ಟಿಗೆ ಅಳೆದು ಹೊಲಿದವರಿಲ್ಲ.

ಇದರ ಮೂಲವನ್ನು ಸ್ವಲ್ಪ ನೋಡೋಣ. ಕಂಪ್ಯೂಟರಿನ ತೆರೆಯ ಮೇಲಣ ಚಿತ್ರವೆಲ್ಲವೂ ಸಣ್ಣ ಸಣ್ಣ ಚಿತ್ರಬಿಂದುಗಳಿಂದಾದುದು. ಈ ಬಿಂದುವಿಗೆ ಪಿಕ್ಸೆಲ್ ಎಂದು ಹೆಸರು. ಇಂದಿನ ತೆರೆಗಳಲ್ಲಿ ಅವು ಕಣ್ಣಿಗೆ ಬೀಳದಷ್ಟು ಕಿರಿದಾಗಿವೆ. ಹಿಂದೆ ಹಾಗಿರಲಿಲ್ಲ. ಬಿಂದುಗಳು ದೊಡ್ಡವು, ಜ್ಞಾಪಕಕೋಶ ಕಿರಿದು. ಆದುದರಿಂದ ಒಂದು ಅಕ್ಷರಕ್ಕೆ 8 ಸಾಲು, 8 ಕಂಬಗಳ ಒಂದು ಚೌಕವನ್ನು ಕೊಟ್ಟು, ಅದರಲ್ಲಿ ಯಾವ ಮನೆ ಬೆಳಗಬೇಕು, ಯಾವುದು ಕತ್ತಲಾಗಿರಬೇಕು ಎಂಬುದನ್ನು ಗುರುತಿಸುತ್ತಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1979ರ ಸುಮಾರಿಗೆ ಹೊರತಂದ ಒಂದು ದೃಶ್ಯಚಿಪ್ಪು ಹಲವು ಮನೆ-ಕಂಪ್ಯೂಟರುಗಳ ಒಳಗಿತ್ತು. ಅದರ ತೆರೆಗೆ 256 ಕಂಬ, 192 ಸಾಲು, ಅಂದರೆ 8ರ ಚೌಕಗಳು ಅಡ್ಡಕ್ಕೆ 32, ಉದ್ದಕ್ಕೆ 24. ಇದೇ ಸಂಸ್ಥೆ 1985ರಲ್ಲಿ ಬೆಂಗಳೂರಿಗೆ ಬಂದು ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ಕಚೇರಿಯನ್ನು ತೆರೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಕಥೆಯನ್ನು ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ.

ಈ ಇಕ್ಕಟ್ಟಿನೊಳಗೂ ಕಲಾವಿದರು ಚೆಲುವನ್ನು ಕಂಡರು. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಎಂಬಾಕೆ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳನ್ನು ಬಿಡಿಸಿದಳು. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಜುಜಾನ ಲಿಚ್ಕೊ ಎಂಬ ವಿನ್ಯಾಸಕಿ ಅದೇ ಯಂತ್ರದ ಒರಟು ಚುಕ್ಕಿಗಳನ್ನು ಮರೆಮಾಚದೆ, ಅವುಗಳನ್ನೇ ಶೈಲಿಯನ್ನಾಗಿ ಮಾಡಿ ಅಚ್ಚಿನ ಅಕ್ಷರಗಳನ್ನು ಪ್ರಕಟಿಸಿದಳು. ಇವರಿಗೆಲ್ಲ ಮುಂಚೆ, 1967ರಲ್ಲಿ, ಹಾಲೆಂಡಿನ ವಿಮ್ ಕ್ರೌವೆಲ್ ವಿದ್ಯುನ್ಮಾನ ತೆರೆಗಳಿಗೆ ಒಪ್ಪುವಂತೆ ಅಡ್ಡಗೆರೆ ಉದ್ದಗೆರೆಗಳಿಂದಲೇ ಒಂದು ವರ್ಣಮಾಲೆಯನ್ನು ರಚಿಸಿದ್ದನು. ಅದನ್ನು ಓದುವುದು ಮಾತ್ರ ಬಹು ಕಷ್ಟವಾಗಿತ್ತು. ಕೊರತೆಯಿಂದ ಹುಟ್ಟಿದುದು ಹೀಗೆ ಕ್ರಮೇಣ ಆಯ್ಕೆಯಾಯಿತು. ಈಗ ತೆರೆಗಳು ಎಷ್ಟೇ ನಯವಾಗಿದ್ದರೂ ಜನರು ಬೇಕೆಂದೇ ಚುಕ್ಕಿಯಕ್ಷರವನ್ನು ಆರಿಸಿಕೊಳ್ಳುತ್ತಾರೆ.

ರೋಮನ್ ಲಿಪಿಗೆ 8ರ ಚೌಕ ಏಕೆ ಸಾಕಾಯಿತು? ಅದರ ದೊಡ್ಡಕ್ಷರಗಳೆಲ್ಲವೂ ಒಂದೇ ಎತ್ತರ. ತಲೆಯ ಮೇಲೆ ಏನೂ ಇಲ್ಲ, ಕಾಲಿನ ಕೆಳಗೂ ಏನೂ ಇಲ್ಲ. 5 ಕಂಬ, 7 ಸಾಲು, ಒಟ್ಟು 35 ಚುಕ್ಕಿಗಳಲ್ಲಿ ಯಾವ ಅಕ್ಷರವನ್ನಾದರೂ ಗುರುತು ಸಿಗುವಂತೆ ಬರೆಯಬಹುದು. ಕನ್ನಡದ ಅಕ್ಷರವಾದರೋ ಮೂರು ಅಂತಸ್ತಿನ ಮನೆ. ನಡುವೆ ಅಕ್ಷರದ ಒಡಲು. ಮೇಲೆ ತಲೆಕಟ್ಟು ಅಥವಾ ಗುಡಿಸು. ಕೆಳಗೆ ಒತ್ತು, ಐತ್ವ, ವಟ್ರಸುಳಿ. ಬಲಗಡೆಗೆ ಕೊಂಬು, ದೀರ್ಘ, ಅರ್ಕಾವೊತ್ತು ಇವು ಬೇರೆ ಚಾಚಿಕೊಳ್ಳುತ್ತವೆ. ನಮ್ಮ ಪೂರ್ವ ಬೆಂಗಳೂರಿನ ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳಿರಿ. ಶಿವಾಜಿನಗರ, ಹಲಸೂರು, ಇಂದಿರಾನಗರ ಈ ಮೂರರಲ್ಲಿ ಒಂದಾದರೂ ಒತ್ತಕ್ಷರವಿಲ್ಲ. ಅಗ್ಗದ ಫಲಕದಲ್ಲಿಯೂ ಇವು ಹೇಗೋ ಪಾರಾಗುತ್ತವೆ. ಆದರೆ ಕೃಷ್ಣರಾಜಪುರ ಬಂದೊಡನೆ ವಟ್ರಸುಳಿಯೂ ಣಕಾರದ ಒತ್ತೂ ಎದುರಾಗುತ್ತವೆ. ಬೈಯಪ್ಪನಹಳ್ಳಿಯಲ್ಲಿ ಒಂದು ಐತ್ವ, ಎರಡು ಒತ್ತು. ಮಾರತ್ತಹಳ್ಳಿಯದೂ ಅದೇ ಪಾಡು. ‘ಹಳ್ಳಿ’ ಎಂಬ ಪದವೇ ಚುಕ್ಕಿಯ ಫಲಕದಲ್ಲಿ ‘ಹಳಿ’ಯಾಗಿಬಿಟ್ಟರೆ ಬೆಂಗಳೂರಿನ ಅರ್ಧ ಊರುಗಳು ರೈಲಿನ ಹಳಿಯ ಮೇಲೆ ನಿಂತಂತಾಗುತ್ತದೆ!

ಒತ್ತಿನ ಮಾತು ಹಾಗಿರಲಿ, ಒಡಲಿನೊಳಗೂ ಅಪಾಯವಿದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿ ಸೀಳಿದ ಒಂದು ಸಣ್ಣ ಗೆರೆಯಷ್ಟೆ. ಚುಕ್ಕಿಯಕ್ಷರದಲ್ಲಿ ಅದು ಒಂದೇ ಒಂದು ಚುಕ್ಕಿ. ಆ ಒಂದು ದೀಪ ಕೆಟ್ಟರೆ ‘ಧನ’ ಹೋಗಿ ‘ದನ’ ಬರುತ್ತದೆ. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕಿ ಹೊತ್ತಿಕೊಂಡರೆ ಅದು ಠಕಾರ. ಪ, ಷ, ವ, ಮ ಇವುಗಳನ್ನು ಬೇರೆಬೇರೆಯಾಗಿ ಕಾಣಿಸಬೇಕಾದರೆ ಒಡಲಿಗೆ 6 ಸಾಲುಗಳಾದರೂ ಬೇಕು, 7 ಇದ್ದರೆ ಒಳ್ಳೆಯದು. ಕಾಗದದ ಮೇಲೆ ಚೌಕ ಹಾಕಿಕೊಂಡು ನಾನು ಮಾಡಿ ನೋಡಿದ ಲೆಕ್ಕ ಹೀಗಿದೆ: ತಲೆಕಟ್ಟಿಗೂ ಗುಡಿಸಿಗೂ ಸೇರಿ 3 ಸಾಲು, ಒಡಲಿಗೆ 7, ಒಡಲಿಗೂ ಒತ್ತಿಗೂ ನಡುವೆ ಬಯಲು 1, ಒತ್ತಿಗೆ 5. ಒಟ್ಟು 16.

ಈ 16 ಎಂಬ ಸಂಖ್ಯೆಯನ್ನು ಗಮನದಲ್ಲಿಡಬೇಕು. ಅಂಗಡಿಗಳ ಮುಂದೆ ಹರಿಯುವ ಅಕ್ಷರಗಳ ಕೆಂಪು ಫಲಕವನ್ನು ಪಿ-10 ಎಂಬ ಹೆಸರಿನ ಬಿಡಿ ತುಂಡುಗಳನ್ನು ಜೋಡಿಸಿ ಮಾಡುತ್ತಾರೆ. ಒಂದೊಂದು ತುಂಡಿನಲ್ಲಿಯೂ 32 ಕಂಬ, 16 ಸಾಲು ದೀಪಗಳು; ದೀಪದಿಂದ ದೀಪಕ್ಕೆ 10 ಮಿಲಿಮೀಟರು ದೂರ. ಹೆಸರಿನಲ್ಲಿರುವ 10 ಅದೇ. ಅಂದ ಮೇಲೆ ಕನ್ನಡಕ್ಕೆ ಬೇಕಾದಷ್ಟು ಎತ್ತರ ಅಂಗಡಿಯವನು ಕೊಂಡ ಫಲಕದಲ್ಲಿ ಆಗಲೇ ಇದೆ. ಒತ್ತು ಕಳೆದುಹೋದುದು ಜಾಗವಿಲ್ಲದೆ ಅಲ್ಲ. ಫಲಕದ ತಂತ್ರಾಂಶ ರೋಮನ್ ಲಿಪಿಯ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಕ್ಷರದ ಬುಡವೆಂದರೆ ಫಲಕದ ಬುಡವೆಂದು ತಿಳಿದುದರಿಂದ. (ಕೆಲವು ವಾರಗಳ ಮೇಲೆ ಅದೇ ಹಾದಿಯಲ್ಲಿ ಹೋದಾಗ ಅಂಗಡಿಯವರು ಯಾರಿಂದಲೋ ಸಾಲನ್ನು ಮೇಲಕ್ಕೆತ್ತಿಸಿದ್ದರು. ಒತ್ತುಗಳು ಚೆನ್ನಾಗಿ ಕಾಣುತ್ತಿದ್ದುವು. ತಲೆಕಟ್ಟುಗಳು ಹೋಗಿದ್ದುವು.)

ದೂರದಿಂದ ನೋಡಿದರೆ ಈ ಚುಕ್ಕಿಗಳು ಗೆರೆಗಳಾಗಿ ಕೂಡಿಕೊಳ್ಳುವುದೂ ಒಂದು ಕೌತುಕವೇ. ಆರೋಗ್ಯವಂತವಾದ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೋನವನ್ನು, ಅಂದರೆ ಒಂದು ಕಲೆಯನ್ನು, ಬೇರ್ಪಡಿಸಿ ನೋಡಬಲ್ಲುದು. 10 ಮಿಲಿಮೀಟರು ಅಂತರ ಅಷ್ಟು ಕಿರಿದಾಗಿ ಕಾಣುವುದು ಸುಮಾರು 34 ಮೀಟರು ದೂರದಲ್ಲಿ. ಅದಕ್ಕಿಂತ ಹತ್ತಿರದಲ್ಲಿ ಚುಕ್ಕಿಗಳು ಎಣಿಸುವಂತೆ ಕಾಣುತ್ತವೆ. ದೂರದಲ್ಲಿ ಕರಗಿ ಒಂದಾಗುತ್ತವೆ. ರಸ್ತೆಯ ಆಚೆ ನಿಂತು ಬಸ್ಸಿನ ಫಲಕವನ್ನು ಓದುವವನು ಚುಕ್ಕಿಗಳನ್ನು ಕಾಣುತ್ತಿರುವವನೇ. ಆದುದರಿಂದ ಯಾವ ಚುಕ್ಕಿ ಎಲ್ಲಿ ಕೂತಿದೆಯೆಂಬುದು ಅವನಿಗೆ ಅಲಂಕಾರದ ಪ್ರಶ್ನೆಯಲ್ಲ. ಕನ್ನಡವೊಂದನ್ನೇ ಓದಬಲ್ಲ ತಾಯಿಯೊಬ್ಬಳು ಟಿನ್ ಫ್ಯಾಕ್ಟರಿಯ ಬಳಿ ಮುಸ್ಸಂಜೆಯಲ್ಲಿ ನಿಂತು, ಬಂದ ಬಸ್ಸು ತನ್ನದೋ ಅಲ್ಲವೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕಾಗಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ‘ಯಂತ್ರಕ್ಕೆ ಒಗ್ಗದ ಲಿಪಿಯನ್ನು ಯಂತ್ರಕ್ಕೆ ಒಗ್ಗುವಂತೆ ತಿದ್ದಬಾರದೇಕೆ? ಒತ್ತುಗಳನ್ನು ತೆಗೆದುಹಾಕಿ, ಅರ್ಧಾಕ್ಷರಗಳನ್ನು ಸಾಲಿನಲ್ಲಿಯೇ ಒಂದರ ಪಕ್ಕದಲ್ಲಿ ಒಂದಾಗಿ ಬರೆದರೆ ಎಲ್ಲವೂ ಸಲೀಸಾಗುತ್ತದೆ’ ಎಂಬುದು ಆ ಮಾತು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಲಿಪಿಗಳು ಸಾಧನಗಳಿಗೆ ಬಗ್ಗುತ್ತಲೇ ಬಂದಿವೆ. ಕಲ್ಲಿನ ಮೇಲೆ ಕೊರೆದಾಗ ಒಂದು ರೂಪ, ಓಲೆಗರಿಯ ಮೇಲೆ ಕಂಟದಿಂದ ಬರೆದಾಗ ಇನ್ನೊಂದು. ನೇರವಾದ ಗೆರೆ ಗರಿಯನ್ನು ಸೀಳುವುದರಿಂದ ದಕ್ಷಿಣದ ಲಿಪಿಗಳು ದುಂಡಾದುವೆಂದು ಹೇಳುವುದುಂಟು. 1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಟಾಗ ಅದು ಅಚ್ಚುಮೊಳೆಗಳಿಂದ ಜೋಡಿಸಿದುದಾಗಿರದೆ ಕಲ್ಲಚ್ಚಿನಲ್ಲಿ ಬಂದಿತು. ಮೊಳೆಯ ಕಾಲ ಬಂದ ಮೇಲೆ ಒತ್ತಕ್ಷರಕ್ಕೆ ಬೇರೆ ಮೊಳೆ, ಗುಡಿಸಿಗೆ ಬೇರೆ ಮೊಳೆ ಎಂದು ಅಚ್ಚಿನಮನೆಯವರು ಪಟ್ಟ ಪಾಡು ಕಡಮೆಯದಲ್ಲ. ಆದರೂ ಅವರು ಒತ್ತನ್ನು ಬಿಡಲಿಲ್ಲ, ಏಕೆಂದರೆ ಓದುವವರ ಕಣ್ಣು ಅದನ್ನು ಬಿಡಲು ಒಪ್ಪಲಿಲ್ಲ. ಎತ್ತರ 10 ಸಾಲಿಗಿಂತ ಕಡಮೆಯಿರುವ ಸಣ್ಣ ಗಡಿಯಾರಗಳಲ್ಲಿಯೋ ಮೀಟರುಗಳಲ್ಲಿಯೋ ಅರ್ಧಾಕ್ಷರವನ್ನು ಸಾಲಿನಲ್ಲಿ ಬರೆಯುವುದನ್ನು ನಾನು ಒಪ್ಪಿಯೇನು. 16 ಸಾಲುಳ್ಳ ಫಲಕದಲ್ಲಿ ಅದನ್ನು ಮಾಡುವುದು ಸೋಮಾರಿತನ.

ಹಿಂದೆ ಈ ಸೋಮಾರಿತನಕ್ಕೆ ಒಂದು ನೆಪವಿತ್ತು. ಲೆಕ್ಕ ಮಾಡಿ ನೋಡಿರಿ. 8ರ ಚೌಕದ ಒಂದು ಅಕ್ಷರಕ್ಕೆ 64 ಬಿಟ್ಟು, ಅಂದರೆ 8 ಬೈಟು. 128 ಚಿಹ್ನೆಗಳಿಗೆ 1,024 ಬೈಟು ಸಾಕು. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಹಾಕಿದರೆ 442 ರೂಪಗಳು, ಒತ್ತುಗಳು 34, ಅರ್ಧಾಕ್ಷರಗಳು 34, ಬಿಡಿ ಸ್ವರಗಳು 13, ಅನುಸ್ವಾರ ವಿಸರ್ಗಗಳು 2. ಒಟ್ಟು 525. ಒಂದೊಂದಕ್ಕೂ 16ರ ಚೌಕ, ಅಂದರೆ 32 ಬೈಟು, ಕೊಟ್ಟರೆ 16,800 ಬೈಟುಗಳಾಗುತ್ತವೆ. 1981ರಲ್ಲಿ ಐ.ಬಿ.ಎಂ. ಪಿ.ಸಿ. ಬಂದಾಗ ಅದರ ಅತಿ ಅಗ್ಗದ ಮಾದರಿಯಲ್ಲಿದ್ದ ಒಟ್ಟು ಜ್ಞಾಪಕಕೋಶ 16 ಕಿಲೋಬೈಟು, ಅಂದರೆ 16,384. ಕನ್ನಡದ ಅಕ್ಷರಗಳನ್ನು ತುಂಬಿದರೆ ಯಂತ್ರದಲ್ಲಿ ಬೇರೆ ಯಾವುದಕ್ಕೂ ಎಡೆಯಿಲ್ಲ, ಇನ್ನೂ ಸ್ವಲ್ಪ ಅಕ್ಷರ ಹೊರಗೇ ಉಳಿಯುತ್ತದೆ! ಅಕ್ಷರಗಳನ್ನು ಬಿಡಿ ಭಾಗಗಳಿಂದ ಜೋಡಿಸಿ ಈ ಹೊರೆಯನ್ನು ಇಳಿಸಬಹುದಾಗಿತ್ತು, ಐ.ಐ.ಟಿ. ಕಾನ್ಪುರದಲ್ಲಿ ಮೊದಲಾಗಿ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರ ಭಾರತದ ಲಿಪಿಗಳನ್ನು ಆ ಕಾಲದ ಕಂಪ್ಯೂಟರುಗಳಿಗೆ ತಂದಿತು. ಅಂತೂ ಕಷ್ಟ ನಿಜವಾದ ಕಷ್ಟವಾಗಿತ್ತು. ಇಂದು 16,800 ಬೈಟು ಎಂದರೆ ಕೈಫೋನಿನಲ್ಲಿ ತೆಗೆದ ಒಂದು ಫೋಟೋದ ಮೂಲೆಗೂ ಸಾಲದು.

ಜಪಾನಿನವರಿಗಿದ್ದ ಕಷ್ಟ ನಮ್ಮದಕ್ಕಿಂತ ಹಲವು ಮಡಿ ದೊಡ್ಡದು; ಅವರ ಚಿತ್ರಾಕ್ಷರಗಳ ಸಂಖ್ಯೆ ಸಾವಿರಗಟ್ಟಲೆ. 1980ರ ದಶಕದ ಮೊದಲ ಅರ್ಧದಲ್ಲಿಯೇ ಅವರು 16 ಚುಕ್ಕಿ ಹಾಗೂ 24 ಚುಕ್ಕಿಗಳ ಚೌಕಗಳಲ್ಲಿ ಒಂದೊಂದು ಅಕ್ಷರವೂ ಹೇಗಿರಬೇಕೆಂಬುದನ್ನು ರಾಷ್ಟ್ರೀಯ ಮಾನಕವಾಗಿ ಗೊತ್ತುಪಡಿಸಿದರು. ಹದಿನಾರು ಮನೆಗಳಲ್ಲಿ ಹಿಡಿಯದ ಗೆರೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಮಾರಾಟಗಾರನ ಇಷ್ಟಕ್ಕೆ ಬಿಡಲಿಲ್ಲ. ನಾವು ಅನುಸರಿಸಬೇಕಾದುದು ಈ ಮೇಲ್ಪಂಕ್ತಿಯನ್ನು ಎಂದು ನನ್ನ ಅಭಿಪ್ರಾಯ.

2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯ ಮೇರೆಗೆ ಅಂಗಡಿಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು, ಅದೂ ಮೇಲುಗಡೆಯಲ್ಲಿರಬೇಕು. ಕಾಯಿದೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅದು ಅಳೆಯುವುದು ವಿಸ್ತೀರ್ಣವನ್ನು. ಚದರಡಿಯ ಲೆಕ್ಕದಲ್ಲಿ ‘ಕನಡಕಗಳು’ ಎಂಬುದೂ ತೇರ್ಗಡೆಯಾಗಿಬಿಡುತ್ತದೆ. ದಂಡಂಚೇರಿದ ಕನ್ನಡವನ್ನು ದೊಡ್ಡದಾಗಿ ಬರೆಸಿ ದಂಡ ತಪ್ಪಿಸಿಕೊಳ್ಳುವುದು ಸುಲಭ.

ಕನ್ನಡಕ್ಕೆ ಜಾಗ ಹೆಚ್ಚು ಬೇಕೆಂಬ ದೂರು ಕೂಡ ಪೂರ್ತಿಯಾಗಿ ಸರಿಯಲ್ಲ. ಬೈಯಪ್ಪನಹಳ್ಳಿ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆಯಲು 15 ಅಕ್ಷರಗಳು ಬೇಕು, ಕನ್ನಡದಲ್ಲಿ 6. ಕೃಷ್ಣರಾಜಪುರಕ್ಕೂ ಅಷ್ಟೇ, 15 ಮತ್ತು 6. ಬಿಡುವೂ ಸೇರಿ ಒಂದು ರೋಮನ್ ಅಕ್ಷರಕ್ಕೆ 6 ಕಂಬವೆಂದು ಹಿಡಿದರೆ 90 ಕಂಬಗಳಾಗುತ್ತವೆ. ಕನ್ನಡದ ಒಂದು ಅಕ್ಷರಕ್ಕೆ ಧಾರಾಳವಾಗಿ 12 ಕೊಟ್ಟರೂ 72. ಶಿವಾಜಿನಗರದಲ್ಲಿ ಎರಡೂ ಸಮಸಮವಾಗುತ್ತವೆ. ಇದಲ್ಲದೆ, 7 ಸಾಲಿನ ರೋಮನ್ ಅಕ್ಷರ 16 ಸಾಲಿನ ಫಲಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತಲಾಗಿಯೇ ಬಿಡುತ್ತದೆ. ತುಂಬಿಸಲೆಂದು ಇಮ್ಮಡಿ ಮಾಡಿದರೆ 90 ಕಂಬ 180 ಆಗುತ್ತದೆ. ನಮ್ಮ ಲಿಪಿ ಎತ್ತರವನ್ನು ಕೇಳುತ್ತದೆ, ಅಗಲವನ್ನು ಉಳಿಸುತ್ತದೆ. ಇನ್ನು ‘ಕಂಟೋನ್ಮೆಂಟ್’ ಎಂಬ ಪದವನ್ನು ಒತ್ತು ಸೊನ್ನೆಗಳೊಡನೆ ಹೆಣಗಿ ಬರೆಯುವುದಕ್ಕಿಂತ, 1809ರಲ್ಲಿ ನೆಲಸಿದ ಆ ಪಾಳೆಯವನ್ನು ನಮ್ಮ ಹಿರಿಯರು ಕರೆಯುತ್ತ ಬಂದಂತೆ ‘ದಂಡು’ ಎಂದುಬಿಟ್ಟರೆ ಎರಡೇ ಅಕ್ಷರಗಳಲ್ಲಿ ಕೆಲಸ ಮುಗಿಯಿತು.

ಯಂತ್ರದ ಒಳಗೆ ಇನ್ನೊಂದು ತೊಡಕಿದೆ. ವಿದ್ಯಾರ್ಥಿಗಳಿಗೆ ಅದು ತಿಳಿದಿರಲಿ. ಯೂನಿಕೋಡ್ ಕ್ರಮದಲ್ಲಿ ‘ಕ್ಷ’ ಎಂಬುದಕ್ಕೆ ಒಂದೇ ಸಂಕೇತವಿಲ್ಲ. ಕಕಾರ, ಹಲಂತದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು ಒಂದರ ಹಿಂದೆ ಒಂದು ಬರುತ್ತವೆ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಕೂರಿಸುವುದು ಅಕ್ಷರಜೋಡಣೆಯ ತಂತ್ರಾಂಶದ ಹೊಣೆ. ಕಂಪ್ಯೂಟರಿನಲ್ಲಿಯೂ ಕೈಫೋನಿನಲ್ಲಿಯೂ ಅದು ಇರುತ್ತದೆ. ಅಗ್ಗದ ಫಲಕದ ಪುಟ್ಟ ಚಿಪ್ಪಿನಲ್ಲಿ ಇರುವುದಿಲ್ಲ. ಉಪಾಯ ಸರಳವಾಗಿದೆ. ಜೋಡಣೆಯನ್ನು ಕಂಪ್ಯೂಟರಿನಲ್ಲಿಯೇ ಮುಗಿಸಿ, ಫಲಕಕ್ಕೆ ಅಕ್ಷರಗಳ ಬದಲು ಚುಕ್ಕಿಗಳ ಚಿತ್ರವನ್ನೇ ಕಳುಹಿಸಿದರೆ ಆಯಿತು. ಆಗ ಬೇಕಾಗುವುದು 16 ಸಾಲಿನಲ್ಲಿ ಮನುಷ್ಯನ ಕೈಯಿಂದ ಬಿಡಿಸಿದ ಕನ್ನಡ ಅಕ್ಷರಮಾಲೆ. ‘ಯೂನಿಫಾಂಟ್’ ಎಂಬ ಉಚಿತ ಅಕ್ಷರಸಂಗ್ರಹದಲ್ಲಿ ಕನ್ನಡದ ಬಿಡಿ ಅಕ್ಷರಗಳಿಗೆ ಇಂಥ ಚುಕ್ಕಿಯ ರೂಪಗಳಿವೆ. ಅದು ಒಳ್ಳೆಯ ಆರಂಭ. ಆದರೆ ಬಿಡಿ ಅಕ್ಷರಗಳಿಂದ ‘ಹಳ್ಳಿ’ ಕಟ್ಟಲಾಗದು.

ಶೋಕಿಯ ಉಪಯೋಗಕ್ಕೆ ಬರೋಣ. ರೋಮನ್ ಚುಕ್ಕಿಯಕ್ಷರದಲ್ಲಿ ಜನರಿಗೆ ಹಿತವೆನಿಸುವುದು ಅವರ ಬಾಲ್ಯದ ಆಟಗಳ ನೆನಪು. ಆ ಆಟಗಳಲ್ಲಿ ಕನ್ನಡವಿರಲಿಲ್ಲ. ಆದುದರಿಂದ ಕನ್ನಡದ ಚುಕ್ಕಿಯಕ್ಷರಕ್ಕೆ ಅಂಥ ನೆನಪಿನ ಬಲವಿಲ್ಲವೆಂದು ವಿನ್ಯಾಸಕಾರರು ಹೇಳಬಹುದು. ಅವರು ಕಂಪ್ಯೂಟರಿನಿಂದ ಈಚೆಗೆ ಮಾತ್ರ ನೋಡುತ್ತಿದ್ದಾರೆ. ಧಾರವಾಡದ ಕಡೆಯ ಕಸೂತಿಯನ್ನು ನೋಡಿರಿ. ನೂಲಿನ ಎಳೆಗಳನ್ನು ಎಣಿಸಿ ಹೊಲಿಯುವ ಆ ಕೆಲಸದಲ್ಲಿ ಬಟ್ಟೆಯೇ ಚೌಕಳಿ. ಮುರ್ಗಿ ಎಂಬ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಂಥಿಯಲ್ಲಿ ಎಳೆಗಳು ಒಂದನ್ನೊಂದು ಅಡ್ಡಹಾಯುತ್ತವೆ. ತೇರನ್ನೂ ಗೋಪುರವನ್ನೂ ಆನೆಯನ್ನೂ ಹೀಗೆ ಮೆಟ್ಟಿಲು ಗೆರೆಗಳಲ್ಲಿಯೇ ಹೆಣ್ಣುಮಕ್ಕಳು ಕಾಣಿಸಿದ್ದಾರೆ. ಬಾಗಿದ ಗೆರೆಯನ್ನು ಮೆಟ್ಟಿಲುಗಳಾಗಿ ಒಡೆದರೂ ಕಣ್ಣು ಅದನ್ನು ಬಾಗಿದುದೆಂದೇ ತಿಳಿಯುವಂತೆ ಮಾಡುವ ಗುಟ್ಟು ಅವರಿಗೆ ಕರಗತವಾಗಿತ್ತು. ಗಕಾರದ ಕಮಾನನ್ನೂ ಣಕಾರದ ಸುರುಳಿಯನ್ನೂ ಚುಕ್ಕಿಗಳಲ್ಲಿ ಬಿಡಿಸಹೊರಟ ತರುಣನು ಅಮೆರಿಕದ ಆಟಗಳಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಒಂದು ಇಳಕಲ್ಲು ಸೀರೆಯ ಸೆರಗಿನಿಂದ ಕಲಿಯಬಹುದು. ಚುಕ್ಕಿ ರಂಗೋಲಿಯನ್ನು ಈ ಸಾಲಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ. ಅಲ್ಲಿ ಗೆರೆ ಚುಕ್ಕಿಗಳ ನಡುವೆ ಬಳಸಿ ಹೋಗುತ್ತದೆಯೇ ಹೊರತು ಚುಕ್ಕಿಗಳಿಂದಲೇ ಆಗುವುದಿಲ್ಲ.

ಉಪಯೋಗದ ವಿಷಯದಲ್ಲಿ ಒಂದೆರಡು ಎಚ್ಚರಿಕೆಗಳು. ಚುಕ್ಕಿಯಕ್ಷರ ತಲೆಬರಹಕ್ಕೆ, ಅಂಗಡಿಯ ಹೆಸರಿಗೆ, ಆಟದ ಅಂಕಗಳಿಗೆ ಒಪ್ಪುತ್ತದೆ. ಪುಟಗಟ್ಟಲೆ ಓದಿಸಿದರೆ ಕಣ್ಣು ದಣಿಯುತ್ತದೆ. ದೊಡ್ಡದು ಮಾಡುವಾಗ ಪೂರ್ಣ ಸಂಖ್ಯೆಗಳಿಂದಲೇ ಗುಣಿಸಬೇಕು. 16 ಸಾಲಿನ ಅಕ್ಷರವನ್ನು 32ಕ್ಕೋ 48ಕ್ಕೋ ಏರಿಸಿದರೆ ಒಂದು ಚುಕ್ಕಿ ಎರಡಾಗುತ್ತದೆ, ಮೂರಾಗುತ್ತದೆ. 24ಕ್ಕೆ ಏರಿಸಿದರೆ ಒಂದು ಚುಕ್ಕಿ ಒಂದೂವರೆಯಾಗಬೇಕು. ಅರ್ಧ ಚುಕ್ಕಿಯೆಂಬುದು ಇಲ್ಲದ್ದರಿಂದ ಅಂಚುಗಳು ಮಸುಕಾಗಿ, ಶೈಲಿಯ ಸೊಗಸೇ ಹಾಳಾಗುತ್ತದೆ. ನಾನು ಕಂಡ ಭಿತ್ತಿಪತ್ರಗಳಲ್ಲಿ ಹೆಚ್ಚಿನವು ಎಡವಿರುವುದು ಇಲ್ಲಿಯೇ. ಎಲ್ಲ ಅಕ್ಷರಗಳಿಗೂ ಒಂದೇ ಅಗಲವನ್ನು ಕೊಡುವುದೂ ಕನ್ನಡಕ್ಕೆ ಸಲ್ಲದು. ರಕಾರಕ್ಕೆ 7 ಕಂಬ ಸಾಕು. ಣಕಾರಕ್ಕೆ 11 ಆದರೂ ಬೇಕು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೇಲೆ ಹಾದು ಮಹಾತ್ಮಾ ಗಾಂಧಿ ರಸ್ತೆಗೆ ನಮ್ಮ ಮೆಟ್ರೋ ಮೊದಲ ಬಾರಿ ಓಡಿತು. 2023ರ ಅಕ್ಟೋಬರ್ 9ರಂದು ಅದೇ ಹಳಿ ಕೃಷ್ಣರಾಜಪುರದೊಡನೆ ಕೂಡಿಕೊಂಡಿತು. ಈ ಹಾದಿಯ ಉದ್ದಕ್ಕೂ ನಿಲ್ದಾಣ, ಬಸ್ಸು, ಅಂಗಡಿ, ಆಸ್ಪತ್ರೆಗಳ ಫಲಕಗಳು ದಿನೇ ದಿನೇ ಹೆಚ್ಚುತ್ತಿವೆ. 1948ರಲ್ಲಿ ಭಾರತದ ದೂರವಾಣಿ ಕಾರ್ಖಾನೆ ಹುಟ್ಟಿದ ದೂರವಾಣಿನಗರವೂ ಈ ಪೂರ್ವ ದಿಕ್ಕಿನಲ್ಲಿಯೇ ಇದೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಚಿತ್ರಕಲೆಯ ವಿದ್ಯಾರ್ಥಿಗಳೂ ಕೂಡಿ ಕುಳಿತರೆ, ಒಂದು ಬೇಸಗೆಯ ರಜೆಯಲ್ಲಿ 525 ರೂಪಗಳನ್ನು ಚೌಕಗಳಲ್ಲಿ ಬಿಡಿಸಿ ಮುಗಿಸುವುದು ಅಸಾಧ್ಯವಲ್ಲ. ಮುಗಿದುದನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಬಿಡುಗಡೆ ಮಾಡಲಿ. ಸರ್ಕಾರವು ಅದನ್ನು ಪರೀಕ್ಷಿಸಿ, ಸಾರ್ವಜನಿಕರಿಗಾಗಿ ಕೊಳ್ಳುವ ದೀಪಫಲಕಗಳೆಲ್ಲವೂ ಆ ಅಕ್ಷರಗಳನ್ನು ತೋರಿಸಬಲ್ಲವಾಗಿರಬೇಕೆಂದು ಟೆಂಡರಿನಲ್ಲಿಯೇ ಬರೆಯಲಿ.

ಆರಂಭಿಸುವವರು ರೇಖಾಪತ್ರವನ್ನು ತೆಗೆದುಕೊಂಡು ಅಡ್ಡಕ್ಕೆ 12, ಉದ್ದಕ್ಕೆ 16 ಮನೆಗಳ ಒಂದು ಆಯತವನ್ನು ಹಾಕಿಕೊಳ್ಳಲಿ. ಸುಲಭವಾದ ರಕಾರದಿಂದ ತೊಡಗುವುದು ಬೇಡ. ಮೊದಲು ‘ಳ್ಳಿ’ಯನ್ನು, ಆಮೇಲೆ ‘ಷ್ಣ’ವನ್ನು, ಆಮೇಲೆ ‘ಕೃ’ವನ್ನು ಬಿಡಿಸಲಿ. ಬಿಡಿಸಿದುದನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ಕನ್ನಡ ಬಲ್ಲ ಅಜ್ಜಿಯೊಬ್ಬರನ್ನು ಕರೆದು ಓದಿಸಲಿ.